ಆರು ಗಂಟೆಯ ಜೋಕು, ಏಳು ಗಂಟೆಯ ಸುದ್ದಿ

ನಾನು ಸಂಪಾದಕ ಎಂದರೆ ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ನಗಲಿ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಆವಕ ಜಾವಕ ನೋಡಿಕೊಂಡವನು ನಾನು. ಬಂದ ಕಾಗದ ಒಂದೂ ಕಳೆದುಹೋಗಲಿಲ್ಲ, ಹೊರಟ ಕಾಗದ ಒಂದೂ ತಪ್ಪು ವಿಳಾಸಕ್ಕೆ ಹೋಗಲಿಲ್ಲ. ಎರಡು ಹೋಗಿದ್ದವು, ಆ ಮಾತು ಈಗ ಬೇಡ. ಅಂಥ ಮನುಷ್ಯನನ್ನು ಮಹಾಮಾರಿ ಬಂದು ಎರಡು ಕೋಣೆಯೊಳಗೆ ಕೂಡಿಹಾಕಿದರೆ ಅವನು ಏನು ಮಾಡಬೇಕು? ನಾನು ನಮ್ಮ ವಠಾರದ ಹಿರಿಯರ ಫೋನ್ ಗುಂಪಿಗೆ ಸಂಪಾದಕನಾದೆ. ಯಾರೂ ನೇಮಿಸಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ನಾಲ್ಕು ಮಹಡಿಯ ವಠಾರದಲ್ಲಿ ಅರವತ್ತೈದು ದಾಟಿದವರು ಸರಿಯಾಗಿ ಇಪ್ಪತ್ತು ಜನ. ಎಲ್ಲರೂ ಬಾಗಿಲು ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ಫೋನು ಹಿಡಿದುಕೊಂಡು ಕೂತಿದ್ದರು. ನಾನು ಅವರಿಗೊಂದು ಶಿಸ್ತು ತಂದೆ. ಬೆಳಿಗ್ಗೆ ಆರಕ್ಕೆ ಸುದ್ದಿ, ಏಳಕ್ಕೆ ಜೋಕು, ಎಂಟಕ್ಕೆ ಚಿಂತನೆ. ತಲೆಬರಹ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವೇ ಇರಲಿಲ್ಲ. ಆರಕ್ಕೆ ಬಂದದ್ದನ್ನು ಎಲ್ಲರೂ ನಂಬುತ್ತಿದ್ದರು, ಏಳಕ್ಕೆ ಬಂದದ್ದಕ್ಕೆ ನಗುತ್ತಿದ್ದರು, ಎಂಟಕ್ಕೆ ಬಂದದ್ದಕ್ಕೆ ನಿಟ್ಟುಸಿರು ಬಿಡುತ್ತಿದ್ದರು. ನೆಲಮಹಡಿಯ ಗಣಿತದ ಮೇಷ್ಟ್ರಂತೂ ಏಳು ಹೊಡೆಯುತ್ತಲೇ ಓದುವುದಕ್ಕೆ ಮುಂಚೆ ನಗಲು ಶುರುಮಾಡುತ್ತಿದ್ದರು. ನಮ್ಮ ಎದುರುಬಾಗಿಲ ಟೇಲರಣ್ಣ ಎಂಟಕ್ಕೆ ಸರಿಯಾಗಿ "ಎಷ್ಟು ನಿಜ!" ಎಂದು ಬರೆಯುತ್ತಿದ್ದ. ಒಂದು ದಿನ ನಾನು ಚಿಂತನೆ ಕಳಿಸಲು ಮರೆತಿದ್ದೆ, ಆವತ್ತೂ ಬರೆದಿದ್ದ.

ಇದೆಲ್ಲ ತಮಾಷೆಯಾಗಿ ಕೇಳಬಹುದು. ಆದರೆ ಹಿಂದಿನ ತಿಂಗಳು ಪಕ್ಕದ ಕಟ್ಟಡದಲ್ಲಿ ಇಬ್ಬರು ಒಂದೇ ವಾರದಲ್ಲಿ ಹೋಗಿಬಿಟ್ಟರು. ಇಬ್ಬರೂ ನಮ್ಮ ವಯಸ್ಸಿನವರೇ. ನನ್ನ ಹೆಂಡತಿಗೆ ಉಬ್ಬಸ. ಮೆಟ್ಟಿಲು ಹತ್ತಿ ಬಂದರೆ ಹತ್ತು ನಿಮಿಷ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಾಳೆ. ಲಸಿಕೆಗಾಗಿ ನಾನು ಮೂರು ಸಲ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಮೂರು ಸಲವೂ "ಮುಗೀತು, ನಾಳೆ ಬನ್ನಿ" ಎನಿಸಿಕೊಂಡು ಬಂದಿದ್ದೆ. ನನಗೆ ಹೆದರಿಕೆಯಾಗಿತ್ತು. ಯಾರಿಗೂ ತೋರಿಸುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಆರೋಗ್ಯ ಕೇಂದ್ರದ ನರ್ಸಮ್ಮನಿಂದ ನನಗೆ ಫೋನು ಬಂತು.

"ಸಾರ್, ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಲಸಿಕೆ ಗಾಡಿ ನಿಮ್ಮ ಅಂಗಳಕ್ಕೇ ಬರತ್ತೆ. ಇಪ್ಪತ್ತು ಜನಾನೂ ಕೆಳಗಿರ್ಬೇಕು. ಒಂದು ಬಾಟ್ಲಿಗೆ ಹತ್ತು ಡೋಸು. ಹತ್ತು ಜನ ಪೂರ್ತಿ ಸೇರದೆ ಬಾಟ್ಲಿ ತೆರೆಯೋ ಹಾಗಿಲ್ಲ, ಹಾಳಾಗತ್ತೆ. ಹನ್ನೊಂದೂವರೆಗೆ ನಾವು ಹೊರಟುಬಿಡ್ತೀವಿ. ಮತ್ತೆ ನಿಮ್ಮ ಬೀದಿಗೆ ಯಾವಾಗ ಬರ್ತೀವೋ ಹೇಳಕ್ಕಾಗಲ್ಲ."

ನನ್ನ ಸಂಪಾದಕತ್ವದಲ್ಲಿ ಇಂಥ ಸುದ್ದಿ ಬಂದಿರಲೇ ಇಲ್ಲ. ಅದನ್ನು ಬರೆದಿಟ್ಟೆ. ಮಾರನೇ ದಿನದ ಜೋಕು ಭಾವಮೈದುನ ಕಳಿಸಿದ್ದ: "ಹೊಸ ನಿಯಮ. ಗಂಡನಾದವನು ಹೆಂಡತಿಯ, ಹೆಂಡತಿಯಾದವಳು ಗಂಡನ ಹುಟ್ಟಿದ ದಿನವನ್ನು ತಡವರಿಸದೆ ಹೇಳಿದರೆ ಮಾತ್ರ ಲಸಿಕೆ. ತಪ್ಪು ಹೇಳಿದವರಿಗೆ ಸೂಜಿ ಮಾತ್ರ, ಔಷಧಿ ಇಲ್ಲ." ಅದನ್ನೂ ಪಕ್ಕದಲ್ಲೇ ಬರೆದಿಟ್ಟೆ.

ಮಾರನೇ ಬೆಳಿಗ್ಗೆ ಆರಕ್ಕೆ ಎದ್ದು, ಕೈಗೆ ಸಿಕ್ಕಿದ ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಕಳಿಸಿದೆ. ಏಳಕ್ಕೆ ಎರಡನೆಯದನ್ನು ಕಳಿಸಿದೆ. ಅದು ನನ್ನ ಹೆಂಡತಿಯ ಕನ್ನಡಕ ಎಂಬುದು ಏಳೂ ಕಾಲಿಗೆ, ಅವಳು ಬಂದು ನನ್ನ ಮುಖದಿಂದ ಅದನ್ನು ಕಿತ್ತುಕೊಂಡಾಗ ತಿಳಿಯಿತು.

ಓದುಗರು ಈಗಾಗಲೇ ಊಹಿಸಿರಬಹುದು. ನಾನು ಊಹಿಸಲಿಲ್ಲ. ಗುಂಪಿನಲ್ಲಿ ಲಸಿಕೆ ಗಾಡಿಯ ಸುದ್ದಿಗೆ ಹದಿನೇಳು ಜನ ಕಣ್ಣೀರು ಬರುವ ಹಾಗೆ ನಗುತ್ತಿದ್ದರು.

"ಅಂಗಳಕ್ಕೇ ಬರತ್ತಂತೆ! ಹ್ಹಹ್ಹಹ್ಹಾ! ಎಡಿಟರೇ, ಈ ವರ್ಷದ ಬೆಸ್ಟ್ ಜೋಕು!" ಎಂದು ಮೇಷ್ಟ್ರು ಬರೆದಿದ್ದರು.

"ಕಾಫಿನೂ ಕೊಡ್ತಾರಾ?" ಎಂದು ಟೇಲರಣ್ಣ ಕೇಳಿದ್ದ.

ನಾನು ದಂಗಾಗಿ ಸ್ವಂತ ಕನ್ನಡಕ ಹುಡುಕಿ ಹಾಕಿಕೊಂಡೆ. ಆರು ಗಂಟೆಯ ಜಾಗದಲ್ಲಿ ಭಾವಮೈದುನನ ಜೋಕು ಗಂಭೀರವಾಗಿ ಕೂತಿತ್ತು. ಅದರ ಕೆಳಗೆ ಯಾರೂ ನಕ್ಕಿರಲಿಲ್ಲ. "ಇದು ಯಾವಾಗಿಂದ ಜಾರಿ?" ಎಂದು ಒಬ್ಬರು ಕೇಳಿದ್ದರು. ಮೇಲಿನ ಮನೆಯ ತೊಂಬತ್ತರ ಅಜ್ಜಿ ಮಾತ್ರ ಧ್ವನಿಸಂದೇಶ ಕಳಿಸಿದ್ದರು. "ನಮ್ಮವರು ಹೋಗಿ ಇಪ್ಪತ್ತಾರು ವರ್ಷ ಆಯ್ತಪ್ಪಾ. ಅವರದ್ದು ನಂಗೆ ಗೊತ್ತಿದೆ. ಹೋದವರದ್ದು ಲೆಕ್ಕಕ್ಕೆ ತಗೋತಾರಾ?"

ತಕ್ಷಣ ಬರೆದೆ: "ತಿದ್ದುಪಡಿ. ಆರು ಗಂಟೆಯದು ಜೋಕು. ಏಳು ಗಂಟೆಯದು ಸುದ್ದಿ. ಗಾಡಿ ನಿಜವಾಗಿಯೂ ಬರುತ್ತದೆ."

ಇದಕ್ಕೆ ಇನ್ನೂ ಜೋರಾಗಿ ನಕ್ಕರು. ಒಂದು ದಿನಕ್ಕೆ ಎರಡು ಜೋಕು ಕೊಟ್ಟದ್ದಕ್ಕೆ ಮೇಷ್ಟ್ರು ಧನ್ಯವಾದ ಹೇಳಿದರು. ಎಂಟಕ್ಕೆ ಸರಿಯಾಗಿ ಟೇಲರಣ್ಣ "ಎಷ್ಟು ನಿಜ!" ಎಂದ.

ಸರಿ, ಮುಖತಃ ಹೇಳೋಣವೆಂದು ಮಾಸ್ಕು ಹಾಕಿಕೊಂಡು ಕೆಳಗಿಳಿದೆ. ಮೇಷ್ಟ್ರ ಮನೆಯ ಬಾಗಿಲಿಗೆ ಹೋಗುವ ಮೊದಲೇ ಒಳಗಿನ ಸದ್ದು ಕೇಳಿತು.

"ಇಪ್ಪತ್ತು ಸ್ಥಾನದ ತನಕ ಅದೇನೋ ಪೈ ಅಂತ ಬಾಯಿಪಾಠ ಹೇಳ್ತೀರಿ. ನಾನು ಹುಟ್ಟಿದ್ದು ಒಂದು ತಾರೀಕು, ಒಂದು ತಿಂಗಳು, ಒಂದು ವರ್ಷ. ಎಷ್ಟಾಯ್ತು? ಮೂರೇ ಆಯ್ತಲ್ಲ?"

"ತಿಂಗಳು ಸಮಸಂಖ್ಯೆ ಅಂತ ಗ್ಯಾಪಕ ಇದೆ ಕಣೇ."

"ಸಮಸಂಖ್ಯೆ ಹತ್ರಾನೇ ಹೋಗಿ ಊಟ ಹಾಕಿಸ್ಕೊಳ್ಳಿ!"

ಬಾಗಿಲು ತೆರೆದ ಮೇಷ್ಟ್ರು ನನ್ನನ್ನು ನೋಡಿ ಕೆಂಡವಾದರು. "ಏನು ಸುದ್ದಿ ತಂದ್ರಿ ಮಹಾರಾಯರೇ! ನಲವತ್ತೇಳು ವರ್ಷ ಶಾಂತವಾಗಿದ್ದ ಮನೆ ಇದು."

"ಅದು ಸುದ್ದಿ ಅಲ್ಲ ಮೇಷ್ಟ್ರೇ, ಜೋಕು! ಸುದ್ದಿ ಅಂದ್ರೆ ಗಾಡಿ..."

ಗಾಡಿ ಎಂದದ್ದೇ ತಡ, ಅವರಿಗೆ ಅಷ್ಟು ಕೋಪದಲ್ಲೂ ನಗು ಉಕ್ಕಿತು. ನಕ್ಕು ನಕ್ಕು ಬಾಗಿಲು ಹಾಕಿಕೊಂಡರು. ಟೇಲರಣ್ಣನ ಮನೆಯಲ್ಲೂ ಅದೇ ಕಥೆ. ಅವನು ಒಂದು ಹಳೆಯ ಅಳತೆ ಪುಸ್ತಕ ಹರವಿಕೊಂಡು, "ಇವಳ ಕತ್ತು, ತೋಳು, ಸೊಂಟ, ನಲವತ್ತು ವರ್ಷದ್ದೂ ಇಲ್ಲಿದೆ ಎಡಿಟರೇ. ತಾರೀಕು ಮಾತ್ರ ಬರ್ಕೊಂಡಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಹೇಳಿದ ಒಂದು ಮಾತೂ ಅವನ ಕಿವಿಗೆ ಬೀಳಲಿಲ್ಲ. ಒಂದೂವರೆ ವರ್ಷ ನಾನೇ ಕಲಿಸಿದ ಶಿಸ್ತು ಅದು, ಆರಕ್ಕೆ ಬಂದದ್ದು ಸತ್ಯ!

ಮನೆಗೆ ಬಂದರೆ ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಅದೇ ಸಂದೇಶ ಓದುತ್ತಿದ್ದಳು.

"ನೋಡೇ, ಎಂಥಾ ಜನ! ಜೋಕನ್ನ ನಂಬಿಬಿಟ್ಟಿದ್ದಾರೆ," ಎಂದೆ.

"ನಾನು ನಂಬಿಲ್ಲ ಬಿಡಿ. ನನ್ನ ಹುಟ್ಟಿದ ದಿನ ಯಾವತ್ತು?"

"ಅದು ಜೋಕು ಕಣೇ."

"ನಿಯಮ ಜೋಕು. ನಾನು ಕೇಳ್ತಿರೋದು ಜೋಕಲ್ಲ. ಹೇಳಿ."

ಮಳೆಗಾಲ ಎಂದೆ. ಅವಳು ಮುಂದಿನ ಮಾತಿಗೆ ಕಾದಳು. ಚಳಿಗಾಲ ಎಂದೆ. ಅವಳ ಮುಖ ಇಳಿಯಿತು. ಉಳಿದದ್ದು ಒಂದೇ ಕಾಲ, ಆದರೆ ಅಷ್ಟರಲ್ಲಿ ಅವಳು ಎದ್ದು ಗುರುತಿನ ಚೀಟಿಗಳಿದ್ದ ಬೀರುವಿಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಚೀಟಿ ನೋಡಿ ಹೇಳೋದಾದ್ರೆ ದಾರೀಲಿ ಹೋಗೋರೂ ಹೇಳ್ತಾರೆ. ನಿಮಗೆ ಗೊತ್ತಿದೆ. ಒಂದ್ಸಲ ನೀವೇ ಬಾಯ್ಬಿಟ್ಟು ಹೇಳಿದ್ದೀರಿ. ಗ್ಯಾಪಿಸ್ಕೊಳ್ಳಿ. ನೀವು ಹೇಳೋ ತನಕ ನಾನು ಗಾಡಿ ಹತ್ರ ಇಳಿಯಲ್ಲ."

"ಲೇ, ನಿನಗೆ ಉಬ್ಬಸ! ಬೇರೆ ಯಾರಿಗೆ ತಪ್ಪಿದ್ರೂ ನಿನಗೆ ತಪ್ಪೋ ಹಾಗಿಲ್ಲ."

"ಉಬ್ಬಸ ಇರೋದು ಗೊತ್ತಲ್ಲ, ಹುಟ್ಟಿದ್ದು ಯಾವಾಗ ಅಂತಾನೂ ಗೊತ್ತಿರ್ಲಿ," ಎಂದು ಅವಳು ಅಡುಗೆಮನೆಗೆ ಹೋದಳು.

ನಾನು ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿ, ಪಿಸುದನಿಯಲ್ಲಿ ಭಾವಮೈದುನನಿಗೆ ಫೋನು ಮಾಡಿದೆ.

"ಅಪ್ಪಾ, ನಿಮ್ಮಕ್ಕನ ಹುಟ್ಟಿದ ದಿನ ಯಾವತ್ತು?"

ಆ ಕಡೆಯಿಂದ ಒಂದು ಬಿಕ್ಕು ಕೇಳಿತು.

"ಭಾವಾ... ಅಕ್ಕನ್ನ ಯಾವ ಆಸ್ಪತ್ರೆಗೆ ಸೇರಿಸಿದ್ರಿ?"

"ಆಸ್ಪತ್ರೆ ಯಾಕಪ್ಪಾ?"

"ಮುಚ್ಚಿಡಬೇಡಿ ಭಾವಾ. ನಲವತ್ಮೂರು ವರ್ಷದಲ್ಲಿ ಒಂದಿನ ಕೇಳಿದವರಲ್ಲ. ಈಗ ಫಾರಂ ತುಂಬಿಸ್ತಿದ್ದಾರೆ ಅಲ್ವಾ? ನೀರಿನ ಸದ್ದು ಬೇರೆ ಕೇಳ್ತಿದೆ! ಅಯ್ಯೋ ಅಕ್ಕಾ!"

"ನಿಮ್ಮಕ್ಕ ಅಡುಗೆಮನೇಲಿದ್ದಾಳೆ! ನನಗೆ ತಾರೀಕು ಬೇಕು, ಅಷ್ಟೇ!"

"ನಮ್ಮನೇಲಿ ಎಂಟು ಮಕ್ಕಳು ಭಾವಾ, ಯಾರದ್ದೂ ಯಾರೂ ಬರೆದಿಟ್ಟಿಲ್ಲ. ಅಪ್ಪನಿಗೇ ಗೊತ್ತಿರ್ಲಿಲ್ಲ. ಅಕ್ಕನ್ನ ಉಳಿಸ್ಕೊಳ್ಳಿ ಭಾವಾ!" ಎಂದು, ತಾನೇ ಕಳಿಸಿದ್ದ ಜೋಕಿನ ನೆನಪೂ ಇಲ್ಲದೆ, ಗೋಳಾಡುತ್ತಾ ಫೋನಿಟ್ಟ.

ಮುಂದಿನ ಎರಡು ಗಂಟೆ ನಮ್ಮ ಮನೆಯ ಫೋನು ಬಿಡುವು ಕೊಡಲಿಲ್ಲ. ನನ್ನ ಹೆಂಡತಿ ಒಂದೊಂದಕ್ಕೂ ಶಾಂತವಾಗಿ ಉತ್ತರಿಸುತ್ತಿದ್ದಳು. "ಹೌದು ಚಿಕ್ಕಮ್ಮ, ನಾನೇ ಮಾತಾಡ್ತಿರೋದು. ಇಲ್ಲ, ಹೋಗಿಲ್ಲ. ಪಲ್ಯ ಒಗ್ಗರಣೆ ಹಾಕ್ತಿದ್ದೀನಿ." ಅವಳ ದೊಡ್ಡಕ್ಕನಂತೂ ಅವಳ ದನಿ ಕೇಳಿದ ಮೇಲೂ ನಂಬದೆ, ತಂಗಿಯ ದನಿಯನ್ನು ಮೊದಲೇ ಮುದ್ರಿಸಿಟ್ಟು ಕೇಳಿಸುತ್ತಿದ್ದಾರೆಂದು ವಾದಿಸಿದರು. ಕೊನೆಗೆ ಅವಳು ಫೋನನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದಳು.

"ನನ್ನ ಹುಟ್ಟಿದ ದಿನ ಕೇಳೋದಕ್ಕೆ ಹೋಗಿ ನನ್ನ ತಿಥಿ ಗೊತ್ತುಮಾಡ್ಕೊಂಡು ಬಂದ್ರಲ್ಲ," ಎಂದಳು.

ಗಾಡಿಯ ದಿನ ಬಂತು. ಹತ್ತಕ್ಕೆ ಎರಡು ನಿಮಿಷ ಮುಂಚೆ ಬಿಳಿ ಗಾಡಿ ಅಂಗಳದಲ್ಲಿ ನಿಂತಿತು. ನರ್ಸಮ್ಮ, ಇನ್ನೊಬ್ಬಳು ಸಹಾಯಕಿ ಇಳಿದು ಮೇಜು ಹಾಕಿದರು. ಅಂಗಳದಲ್ಲಿ ನಾನೊಬ್ಬನೇ.

"ಉಳಿದ ಹತ್ತೊಂಬತ್ತು?" ಎಂದರು ನರ್ಸಮ್ಮ.

ನಾನು ಮೇಲೆ ನೋಡಿದೆ. ಎಲ್ಲ ಬಾಲ್ಕನಿಗಳಲ್ಲೂ ಜನ ನಿಂತು ನಗುತ್ತಿದ್ದರು.

"ಎಡಿಟರೇ! ಜೋಕಿಗೆ ಗಾಡಿ ಬೇರೆ ತರಿಸಿದ್ರಾ?" ನೆಲಮಹಡಿಯ ಕಿಟಕಿಯಿಂದ ಮೇಷ್ಟ್ರು ಕೂಗಿದರು. "ಆ ನರ್ಸ್ ವೇಷ ಭಾರೀ ಚೆನ್ನಾಗಿದೆ!"

ವೇಷ ಎಂದದ್ದು ನರ್ಸಮ್ಮನ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಹೆಂಗಸು ಆಕೆ. ಸೊಂಟದ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವಂತೆ, "ಹನ್ನೊಂದೂವರೆ ತನಕ ಇರ್ತೀನಿ. ಆಮೇಲೆ ಪೆಟ್ಟಿಗೆ ಮುಚ್ಕೊಂಡು ಹೋಗ್ತಾ ಇರ್ತೀನಿ. ಆಮೇಲೆ ನೀವು ಯಾರ ಕಾಲಿಗೆ ಬಿದ್ರೂ ಇದು ಸಿಗಲ್ಲ!" ಎಂದರು.

ಬಾಲ್ಕನಿಗಳಲ್ಲಿ ನಗು ನಿಂತಿತು. ಆಮೇಲೆ ಕಟ್ಟಡದ ತುಂಬ ಬಾಗಿಲುಗಳ ಸದ್ದು, ಚಪ್ಪಲಿಗಳ ಸದ್ದು. ಆದರೆ ಇಳಿದು ಬಂದವರು ಸೀದಾ ಮೇಜಿಗೆ ಬರಲಿಲ್ಲ. ಮೂಲೆಯಲ್ಲಿ ಗುಂಪುಗೂಡಿ ಅಂಗೈ ನೋಡಿಕೊಳ್ಳುತ್ತಾ ಗೊಣಗುತ್ತಿದ್ದರು. ಟೇಲರಣ್ಣ ಹೆಂಡತಿ ಹುಟ್ಟಿದ ದಿನವನ್ನು ಅಳತೆ ಟೇಪಿನ ಹಿಂಬದಿಗೆ ಬರೆದುಕೊಂಡಿದ್ದ. ಮೇಷ್ಟ್ರ ಹೆಂಡತಿ ರಾತ್ರಿಯೆಲ್ಲ ಯೋಚಿಸಿ ಗಂಡನ ಮೇಲೆ ಕರುಣೆ ತೋರಿ ತಾರೀಕು ಹೇಳಿಕೊಟ್ಟಿದ್ದರು.

ಮೊದಲು ಕೂತವರು ಮೇಷ್ಟ್ರು.

"ಹುಟ್ಟಿದ ದಿನ ಹೇಳಿ," ಎಂದರು ನರ್ಸಮ್ಮ.

ಮೇಷ್ಟ್ರು ಎದೆ ಸೆಟೆದು, ಕಣ್ಣು ಮುಚ್ಚಿ, ತಡವರಿಸದೆ ಹೇಳಿದರು. ನರ್ಸಮ್ಮ ಗುರುತಿನ ಚೀಟಿ ತಾಳೆ ನೋಡುವ ಪುಟ್ಟ ಯಂತ್ರದಲ್ಲಿ ಒತ್ತಿದರು. ಅದು ಕೆಂಪಾಯಿತು.

"ನಿಮ್ಮ ಚೀಟಿಗೂ ಇದಕ್ಕೂ ತಾಳೆ ಆಗ್ತಿಲ್ಲ. ಮುಂದಿನವರು."

ಮುಂದಿನವರದೂ ಕೆಂಪು. ಅದರ ಮುಂದಿನವರದೂ ಕೆಂಪು. ಟೇಲರಣ್ಣ ಟೇಪು ನೋಡಿ ಹೇಳಿದ್ದೂ ಕೆಂಪು. ಅಜ್ಜಿ ಮೂರನೇ ಮಹಡಿಯಿಂದ ಕೋಲೂರಿಕೊಂಡು ಬಂದು, ಕೂತು, ತುಂಬು ಗಂಭೀರವಾಗಿ ಒಂದು ತಾರೀಕು ಹೇಳಿದಾಗ, ಆ ಲೆಕ್ಕದಲ್ಲಿ ಅವರಿಗೆ ನೂರಾ ಒಂದು ವರ್ಷವಾಗುತ್ತಿತ್ತು.

ನರ್ಸಮ್ಮ ಯಂತ್ರ ಕೆಳಗಿಟ್ಟು ಸಹಾಯಕಿಯ ಮುಖ ನೋಡಿದರು. ಇಬ್ಬರೂ ಕಕ್ಕಾಬಿಕ್ಕಿಯಾಗಿದ್ದರು. "ಈ ಕಟ್ಟಡದಲ್ಲಿ ಒಬ್ಬರಿಗೂ ಅವರವರು ಹುಟ್ಟಿದ ದಿನ ಗೊತ್ತಿಲ್ವಾ? ಇದೇನು ಹೊಸ ಕಾಯಿಲೆನಾ? ಮೇಲಿನವರಿಗೆ ತಿಳಿಸ್ಬೇಕಾ ನಾನು?"

"ನಮ್ಮದು ಯಾಕಮ್ಮಾ?" ಎಂದರು ಮೇಷ್ಟ್ರು, ಅವರಿಗಿಂತ ಹೆಚ್ಚು ದಿಗಿಲಾಗಿ. "ಹೆಂಡತಿಯದ್ದು ತಾನೇ ಹೇಳ್ಬೇಕಾಗಿರೋದು?"

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಇನ್ನು ತಡಮಾಡಿದರೆ ಇಪ್ಪತ್ತು ಜನರ ಪಾಪ ನನ್ನ ತಲೆಗೆ. ನಾನು ಮಾಸ್ಕು ಕೆಳಗೆಳೆದು, ಮತ್ತೆ ಮೇಲೆಳೆದು, ಮೇಜಿನ ಪಕ್ಕ ನಿಂತು ತಪ್ಪೊಪ್ಪಿಕೊಂಡೆ. ಕನ್ನಡಕದ ವಿಷಯವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಒಬ್ಬೊಬ್ಬರ ಹುಬ್ಬೂ ಮೇಲೇರುತ್ತಾ ಹೋಯಿತು.

"ಅಂದ್ರೆ ನಿನ್ನೆ ಮಧ್ಯಾಹ್ನ ನಾನು ಉಪವಾಸ ಬಿದ್ದಿದ್ದು ಜೋಕಿಗಾ?" ಎಂದರು ಮೇಷ್ಟ್ರು.

"ಜೋಕೋ ಸುದ್ದಿಯೋ, ನಂಗೊಂದು ಉಪಕಾರ ಆಯ್ತು ಬಿಡಿ," ಎಂದರು ಅವರ ಹೆಂಡತಿ. ಅಜ್ಜಿ ಮಾತ್ರ ನನ್ನ ಪರವಾಗಿದ್ದರು. "ಎಷ್ಟೋ ವರ್ಷದ ಮೇಲೆ ಅವರ ತಾರೀಕು ಯಾರೋ ಕೇಳಿದ್ರು, ನಂಗೆ ಖುಷಿ ಆಯ್ತು" ಎಂದರು. ನರ್ಸಮ್ಮನಿಗೆ ನಮ್ಮ ಯಾರ ಖುಷಿಗೂ ಪುರುಸೊತ್ತಿರಲಿಲ್ಲ. ಸ್ವಂತ ತಾರೀಕು ಹೇಳಿಸಿ, ಯಂತ್ರ ಹಸಿರಾದಂತೆಲ್ಲ ಸರಸರನೆ ಮೊದಲ ಬಾಟ್ಲಿಯ ಹತ್ತು ಜನರನ್ನು ಮುಗಿಸಿದರು. ಎರಡನೇ ಬಾಟ್ಲಿ ಕೈಗೆ ತಗೊಂಡು ತಲೆ ಎಣಿಸಿದರು.

"ಒಂಬತ್ತು. ಇನ್ನೊಬ್ಬರು ಬೇಕು."

ಆ ಒಂಬತ್ತರಲ್ಲಿ ಅಜ್ಜಿ ಇದ್ದರು, ಟೇಲರಣ್ಣ ಇದ್ದ, ನಾನಿದ್ದೆ. ಎಲ್ಲರೂ ಒಟ್ಟಿಗೆ ನಮ್ಮ ಮನೆಯ ಬಾಲ್ಕನಿಯತ್ತ ತಲೆಯೆತ್ತಿದರು. ಹತ್ತನೆಯವಳು ಅಲ್ಲಿ ಕಟಕಟೆ ಹಿಡಿದು ನಿಂತಿದ್ದಳು.

"ಅಕ್ಕಾ, ಇಳಿದು ಬನ್ನಿ! ಹನ್ನೊಂದೂ ಕಾಲಾಯ್ತು!" ಟೇಲರಣ್ಣ ಕೂಗಿದ.

"ನಮ್ಮವರು ಹೇಳ್ಲಿ, ಬರ್ತೀನಿ."

"ಹೇಳ್ರೀ ಎಡಿಟರೇ! ಯಾವುದಾದ್ರೂ ಒಂದು ಹೇಳ್ರೀ!"

ಹೇಳಲು ಏನಿತ್ತು? ಮೇಷ್ಟ್ರು ಸಂಭವನೀಯತೆಯ ಲೆಕ್ಕ ಹಾಕಿ, ಮುನ್ನೂರ ಅರವತ್ತೈದರಲ್ಲಿ ಒಂದು ಸರಿಯಾಗುವ ಅವಕಾಶ ಇದ್ದೇ ಇದೆ ಎಂದು ಧೈರ್ಯ ಹೇಳಿದರು. ನಾನು ಅವಳನ್ನೇ ನೋಡಿದೆ. ಅಷ್ಟು ಹೊತ್ತು ನಿಂತದ್ದಕ್ಕೇ ಅವಳ ಎದೆ ಏರಿಳಿಯುತ್ತಿದ್ದುದು ಕೆಳಗಿನಿಂದಲೂ ಕಾಣುತ್ತಿತ್ತು. ಪಕ್ಕದ ಕಟ್ಟಡದಿಂದ ಹೆಣ ಹೊತ್ತು ಹೊರಟ ಎರಡು ಗಾಡಿಗಳು ಕಣ್ಣಮುಂದೆ ಬಂದವು.

"ಗೊತ್ತಿಲ್ಲ ಕಣೇ!" ಎಂದು ಕೂಗಿದೆ. "ನನಗೆ ಗೊತ್ತಿಲ್ಲ! ಎಷ್ಟು ತಲೆ ಕೆರೆದುಕೊಂಡ್ರೂ ನೆನಪಾಗ್ತಿಲ್ಲ. ನಾನು ದಡ್ಡ, ಒಪ್ಕೊಂಡೆ. ಬೇಕಾದ್ರೆ ನಾಳೆಯಿಂದ ಮಾತು ಬಿಡು. ಇವತ್ತು ಮಾತ್ರ ಇಳಿದು ಬಾ. ನೀನಿಲ್ದೆ ನನಗಾಗಲ್ಲ!"

ಹದಿನೆಂಟು ಜನ ಹಿರಿಯರ ಎದುರಿಗೆ, ಇಬ್ಬರು ಸರ್ಕಾರಿ ನೌಕರರ ಎದುರಿಗೆ, ನಾನು ಇಂಥ ಮಾತು ಆಡಿದೆನೆಂದು ನನಗೇ ಆಘಾತವಾಯಿತು. ಬಾಲ್ಕನಿ ಖಾಲಿಯಾಗಿತ್ತು.

ಅವಳು ಒಂದೊಂದೇ ಮೆಟ್ಟಿಲು ಇಳಿದು, ಬಾಗಿಲಲ್ಲಿ ಗೋಡೆಗೆ ಕೈಕೊಟ್ಟು ಉಸಿರು ತಗೊಂಡು, ಮೇಜಿನ ಮುಂದೆ ಬಂದು ಕೂತಳು. ಇಬ್ಬರ ಗುರುತಿನ ಚೀಟಿಗಳನ್ನೂ ಮುಂದಿಟ್ಟಳು.

"ಹುಟ್ಟಿದ ದಿನ ಅಮ್ಮಾ?"

"ಜೂನ್ ಒಂಬತ್ತು," ಎಂದಳು. ಯಂತ್ರ ಹಸಿರಾಯಿತು. ನರ್ಸಮ್ಮ ಬಾಟ್ಲಿ ತೆರೆದರು. ಅವಳು ತೋಳು ಕೊಡುತ್ತಾ ನನ್ನ ಕಡೆ ತಿರುಗಿದಳು. "ಈಗಲಾದ್ರೂ ನೆನಪಾಯ್ತಾ? ಮದುವೆಯಾದ ಹೊಸದರಲ್ಲಿ ರೇಷನ್ ಚೀಟಿ ಮಾಡಿಸೋದಕ್ಕೆ ಸಾಲಲ್ಲಿ ನಿಂತಿದ್ವಿ. ಕಿಟಕಿಯವನು ಕೇಳ್ದ, ನನಗೆ ಗೊತ್ತಿರ್ಲಿಲ್ಲ, ಅವಮಾನದಿಂದ ತಲೆ ತಗ್ಗಿಸ್ದೆ. ನೀವು ಹಿಂದಿನಿಂದ ಟಕ್ ಅಂತ ಹೇಳಿದ್ರಿ. ಜೂನ್ ಒಂಬತ್ತು."

ನನಗೆ ನೆನಪಾಯಿತು. ಕಿಟಕಿಯವನ ತಲೆಯ ಹಿಂದೆ ಒಂದು ಕ್ಯಾಲೆಂಡರು ನೇತಾಡುತ್ತಿತ್ತು. ಅದರಲ್ಲಿ ಆವತ್ತಿನ ತಾರೀಕು ದೊಡ್ಡದಾಗಿ ಕಾಣುತ್ತಿತ್ತು. ಹಿಂದೆ ನಲವತ್ತು ಜನ ತಳ್ಳುತ್ತಿದ್ದರು, ನನಗೆ ಕಚೇರಿಗೆ ಹೊತ್ತಾಗುತ್ತಿತ್ತು. ಕಂಡದ್ದನ್ನು ಹೇಳಿ ಕೆಲಸ ಮುಗಿಸಿದ್ದೆ. ಅಂದಿನಿಂದ ಎಲ್ಲ ಚೀಟಿಗೂ ಅದೇ ಇಳಿದು ಬಂದಿತ್ತು.

"ನೆನಪಾಯ್ತು," ಎಂದೆ. ಅದು ಹೇಗೆ ಬಂದ ತಾರೀಕು ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಸುದ್ದಿಯ ವಿಷಯದಲ್ಲಿ ಅರ್ಧ ಗಂಟೆಯ ಹಿಂದಷ್ಟೇ ಊರೆಲ್ಲರ ಕ್ಷಮೆ ಕೇಳಿದ್ದೆ.

"ನಮ್ಮಪ್ಪನಿಗೆ ಎಂಟು ಮಕ್ಕಳು," ಎಂದಳು ಅವಳು ನರ್ಸಮ್ಮನಿಗೆ. ಸೂಜಿ ತೋಳಲ್ಲಿತ್ತು, ಅವಳಿಗೆ ಅದರ ಗಮನವೇ ಇರಲಿಲ್ಲ. "ನನ್ನ ಕರೀಬೇಕಾದ್ರೆ ಮೂರು ಹೆಸರು ತಪ್ಪಾಗಿ ಕರೆದು ಆಮೇಲೆ ನನ್ನ ಹೆಸರಿಗೆ ಬರ್ತಿದ್ರು. ನಾನು ಅವರ ಲೆಕ್ಕದಲ್ಲೇ ಇಲ್ಲ ಅಂದ್ಕೊಂಡಿದ್ದೆ. ಆದ್ರೆ ಹುಟ್ಟಿದ ದಿನ ಮಾತ್ರ ನೆನಪಿಟ್ಕೊಂಡು, ಅಳಿಯನಿಗೆ ಹೇಳಿ ಕಳಿಸಿದ್ರು ನೋಡಿ. ಅವರು ಹೋದಾಗ ಅದನ್ನೇ ನೆನೆಸ್ಕೊಂಡು ಅತ್ತೆ." ನನ್ನನ್ನು ನೋಡಿದಳು. "ಅಪ್ಪ ನಿಮಗೆ ಯಾವಾಗ ಹೇಳಿದ್ದು?"

ಮೇಷ್ಟ್ರು, ಟೇಲರಣ್ಣ, ಅಜ್ಜಿ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಮದುವೆ ದಿನ," ಎಂದೆ. "ನಿನ್ನ ಕಳಿಸಿಕೊಡೋವಾಗ ಪಕ್ಕಕ್ಕೆ ಕರೆದು ಹೇಳಿದ್ರು. ಮರೀಬೇಡಿ ಅಂತಾನೂ ಹೇಳಿದ್ರು. ನಾನೇ ಮರೆತೆ."

"ಮರೀಬೇಡಿ ಅಂದ್ರಾ?" ಎಂದಳು ಅವಳು.

"ಎರಡು ಸಲ ಅಂದ್ರು," ಎಂದೆ ನಾನು.